ಹೊಸ ಕುರ್ಚಿ, ಹಳೆಯ ಕೈ

ಮಂಗಳೂರಿನ ಪಾಂಡೇಶ್ವರದಿಂದ ಬೋಳಾರದ ಮಂಗಳಾದೇವಿ ದೇವಸ್ಥಾನಕ್ಕೆ ಹೋಗುವ ರಸ್ತೆಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಪ್ರಧಾನ ಕಚೇರಿ ಇತ್ತು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಟ್ಟಿದ ಬ್ಯಾಂಕು ಅದು. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ ಸೇರಿತು. ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನ ಪಾಲಾಗಿತ್ತು. ಕರಾವಳಿಯಲ್ಲೇ ಹುಟ್ಟಿದ ಈ ಬ್ಯಾಂಕುಗಳು ಹೋದ ನೋವನ್ನು ನಾವು ಬೇಕಾದಷ್ಟು ಆಡಿಕೊಂಡಿದ್ದೇವೆ. ಅಷ್ಟಾಗಿ ಮಾತಿಗೆ ಬಾರದ ಸಂಗತಿ ಇನ್ನೊಂದಿದೆ. ಆ ವಿಲೀನಗಳಿಂದ ಕರಾವಳಿಯ ಎಷ್ಟೋ ಮನೆಗಳ ಮಗ, ಮಗಳು, ಸೊಸೆ, ಅಳಿಯ ಒಂದೇ ಹೊಡೆತಕ್ಕೆ ಹೊಸ ಹುದ್ದೆಗೆ ಬಂದರು. ಕೆಲವರ ಊರು ಬದಲಾಯಿತು. ಕೆಲವರು ಕುಳಿತ ಕೋಣೆ, ಎದುರಿನ ಮೇಜು ಅದೇ ಇದ್ದು ಮೇಲಿನವರು, ಕೆಳಗಿನವರು, ನಿಯಮ, ಕಂಪ್ಯೂಟರ್ ವ್ಯವಸ್ಥೆ ಎಲ್ಲ ಬೇರೆಯಾದವು. ಅದೂ ಲಾಕ್‌ಡೌನ್ ಶುರುವಾಗಿ ವಾರ ತುಂಬುವಾಗ, ಒಬ್ಬರ ಮುಖ ಒಬ್ಬರು ನೋಡಲಾಗದ ಹೊತ್ತಿನಲ್ಲಿ.

ಹೊಸ ಹುದ್ದೆಗೆ ಹೋಗುವವರಿಗೆ ನಮ್ಮಲ್ಲಿ ಹಾರ ಹಾಕುತ್ತಾರೆ, ಶಾಲು ಹೊದಿಸುತ್ತಾರೆ, ವಾಟ್ಸಾಪಿನಲ್ಲಿ ಅಭಿನಂದನೆ ಹರಿದು ಬರುತ್ತದೆ. ಹೇಗೆ ಹೋಗಬೇಕು ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಗುಮಾಸ್ತರಾಗಿ ಸೇರಿದವರಿಗೆ ತರಬೇತಿ ಇದೆ, ಅಧಿಕಾರಿಯಾಗಿ ಸೇರಿದವರಿಗೂ ಇದೆ. ಇಪ್ಪತ್ತು ವರ್ಷ ದುಡಿದು ಮೇಲೇರಿದವರ ಪಾಲಿಗೆ ಉಳಿಯುವುದು ‘ನಿಮಗೆ ಗೊತ್ತಿಲ್ಲದ್ದು ಎಂತ ಉಂಟು ಸಾರ್’ ಎನ್ನುವ ಮಾತು. ಹೊಗಳಿಕೆಯ ರೂಪದಲ್ಲಿ ಬಂದರೂ ಅದು ಕೈಬಿಡುವ ಮಾತೇ. ಮೇಲೇರಿದವರಿಗೆ ಹಳೆಯ ಕೆಲಸ ಚೆನ್ನಾಗಿ ಗೊತ್ತಿರುತ್ತದೆ, ಆದ್ದರಿಂದಲೇ ತೊಂದರೆ ಶುರುವಾಗುತ್ತದೆ. ಹೊಸ ಕೆಲಸವನ್ನು ಮೂರು ತಿಂಗಳಲ್ಲಿ ಯಾರಾದರೂ ಕಲಿತಾರು. ತಾನು ಚೆನ್ನಾಗಿ ಮಾಡುತ್ತಿದ್ದ, ಮೆಚ್ಚುಗೆ ತಂದುಕೊಟ್ಟ ಹಳೆಯ ಕೆಲಸದಿಂದ ಕೈ ತೆಗೆಯುವುದು ವರ್ಷಗಟ್ಟಲೆ ಆಗದೆ ಉಳಿದುಬಿಡುತ್ತದೆ. ಈ ಬರಹದ ಕಾಳಜಿ ಅಲ್ಲಿದೆ.

ಕೆನಡಾದ ಲಾರೆನ್ಸ್ ಪೀಟರ್ 1969ರಲ್ಲಿ ರೇಮಂಡ್ ಹಲ್ ಜೊತೆ ಸೇರಿ ಬರೆದ ಪುಸ್ತಕದಲ್ಲಿ ಒಂದು ಮಾತು ಮುಂದಿಟ್ಟರು: ಚೆನ್ನಾಗಿ ಕೆಲಸ ಮಾಡಿದವರಿಗೆ ಬಡ್ತಿ ಕೊಡುತ್ತಾ ಹೋದರೆ ಪ್ರತಿಯೊಬ್ಬರೂ ತಮಗೆ ಬಾರದ ಕೆಲಸದ ಹುದ್ದೆಗೆ ಬಂದು ನಿಲ್ಲುತ್ತಾರೆ. ಬಹಳ ಕಾಲ ಜನ ಇದನ್ನು ಲಘುವಾಗಿ ತೆಗೆದುಕೊಂಡರು. 2019ರಲ್ಲಿ ಅಲನ್ ಬೆನ್ಸನ್, ಡ್ಯಾನಿಯೆಲ್ ಲಿ, ಕೆಲ್ಲಿ ಶೂ ಎಂಬ ಮೂವರು ಸಂಶೋಧಕರು ಅಮೆರಿಕದ ಕಂಪನಿಗಳ ಮಾರಾಟ ವಿಭಾಗದ ಲೆಕ್ಕಗಳನ್ನು ಹಿಡಿದು ಪರೀಕ್ಷಿಸಿದಾಗ ಪೀಟರ್ ಮಾತಿನಲ್ಲಿ ಹುರುಳಿದೆ ಎಂದು ಕಂಡಿತು. ಅತಿ ಹೆಚ್ಚು ಮಾರಿದವರಿಗೆ ಬಡ್ತಿ ಸಿಗುತ್ತಿತ್ತು, ಅವರ ಕೈಕೆಳಗಿನ ತಂಡದ ಮಾರಾಟ ಮಾತ್ರ ಇಳಿಯುತ್ತಿತ್ತು. ಬಡ್ತಿಗೆ ಮೊದಲೇ ಇತರರೊಂದಿಗೆ ಸೇರಿ ಮಾರಾಟ ಮಾಡಿ, ಫಲವನ್ನು ಹಂಚಿಕೊಳ್ಳುವ ಅಭ್ಯಾಸ ಇದ್ದವರು ಮ್ಯಾನೇಜರ್ ಆದಮೇಲೂ ಚೆನ್ನಾಗಿ ನಡೆಸಿದರು. ನಮ್ಮ ಕಚೇರಿಗಳಲ್ಲಿ ಬಡ್ತಿ ಕೊಡುವವರು ಈ ಎರಡನೆಯ ಅಂಶವನ್ನು ಓದಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಬ್ಯಾಂಕಿನ ಶಾಖೆಯನ್ನೇ ಹಿಡಿದು ನೋಡೋಣ. ಬೋಳಾರ, ಜೆಪ್ಪು, ಹೊಯಿಗೆಬಜಾರಿನ ಓದುಗರಿಗೆ ಇದು ಹತ್ತಿರದ ಲೋಕ. ನಮ್ಮಲ್ಲಿ ಬಡ್ತಿಯ ಬೆನ್ನಿಗೇ ವರ್ಗಾವಣೆ ಬರುತ್ತದೆ. ಮಕ್ಕಳ ಶಾಲೆ, ಮನೆಯ ಹಿರಿಯರ ಆರೋಗ್ಯ ನೋಡಿ ‘ನನಗೆ ಪ್ರಮೋಷನ್ನೇ ಬೇಡ’ ಎಂದವರೂ ಇದ್ದಾರೆ. ಒಪ್ಪಿಕೊಂಡವರೊಬ್ಬರು ಇಲ್ಲಿಂದ ಹಾವೇರಿಯ ಕಡೆಯ ಶಾಖೆಗೆ ಮ್ಯಾನೇಜರಾಗಿ ಹೊರಟರು ಎನ್ನಿ. ಮೊದಲ ದಿನ ‘ಚಾರ್ಜ್ ತೆಗೆದುಕೊಳ್ಳುವುದು’ ಎಂಬ ಕ್ರಮ ಇದೆ. ನಗದು ಎಣಿಸುತ್ತಾರೆ. ಸ್ಟ್ರಾಂಗ್ ರೂಮಿನ ಎರಡು ಬೀಗದ ಕೈಗಳು ಇಬ್ಬರ ಹತ್ತಿರ ಇವೆಯೇ ಎಂದು ನೋಡುತ್ತಾರೆ. ಅಡವಿಟ್ಟ ಚಿನ್ನದ ಪೊಟ್ಟಣಗಳನ್ನು ಪುಸ್ತಕಕ್ಕೆ ತಾಳೆ ಹಾಕುತ್ತಾರೆ. ಹೋಗುವವರೂ ಬರುವವರೂ ಸಹಿ ಮಾಡುತ್ತಾರೆ. ಒಂದು ಗ್ರಾಂ ಚಿನ್ನವೂ ಲೆಕ್ಕ ತಪ್ಪದ ಹಾಗೆ ಹಸ್ತಾಂತರ ನಡೆಯುತ್ತದೆ.

ಆದರೆ ಶಾಖೆ ನಡೆಯುವುದು ಆ ಕಾಗದದಲ್ಲಿ ಇರುವುದರಿಂದ ಮಾತ್ರ ಅಲ್ಲ. ಸಾಲ ಮರುಪಾವತಿ ತಡವಾದರೂ ಹತ್ತು ವರ್ಷದಿಂದ ಒಮ್ಮೆಯೂ ತಪ್ಪಿಸದ ರೈತರು ಯಾರು, ಹೊಳೆಯುವ ಅಂಗಡಿ ಇಟ್ಟುಕೊಂಡು ಕಂತು ತಪ್ಪಿಸುವವರು ಯಾರು, ಗಂಡನ ಕಣ್ಣು ತಪ್ಪಿಸಿ ಹಣ ಇಡುವ ಹೆಂಗಸರು ಯಾವ ಹೊತ್ತಿಗೆ ಬರುತ್ತಾರೆ, ಸಿಬ್ಬಂದಿ ಜಗಳವಾದಾಗ ಯಾರ ಮಾತು ಕೇಳುತ್ತಾರೆ, ಇವು ಯಾವ ವರದಿಯಲ್ಲೂ ಇರುವುದಿಲ್ಲ. ಎಷ್ಟೋ ಸಲ ಇದೆಲ್ಲ ಗೊತ್ತಿರುವುದು ಅಟೆಂಡರಿಗೆ, ದಿನದಿನದ ಉಳಿತಾಯ ಸಂಗ್ರಹಿಸುವ ಪಿಗ್ಮಿ ಏಜೆಂಟರಿಗೆ. ಹೊಸಬರು ಮೊದಲ ವಾರ ದೊಡ್ಡ ಗ್ರಾಹಕರ ಮನೆಗೆ ಹೋಗುತ್ತಾರೆ, ಅದು ಬೇಕಾದದ್ದೇ. ಪಿಗ್ಮಿ ಏಜೆಂಟರ ಜೊತೆ ಒಂದು ಸಂಜೆ ಪೇಟೆ ಸುತ್ತಿದರೆ ಮಾತ್ರ ಆ ಊರಿನ ಹಣ ಹೇಗೆ ಓಡಾಡುತ್ತದೆ ಎಂದು ತಿಳಿಯುತ್ತದೆ.

ಹುದ್ದೆ ಬಿಟ್ಟು ಹೋಗುವವರ ಬಳಿ ಕೇಳುವುದಕ್ಕೂ ಒಂದು ದಾರಿ ಇದೆ. ‘ಸಮಸ್ಯೆ ಏನಾದರೂ ಉಂಟಾ?’ ಎಂದರೆ ‘ಎಂತದೂ ಇಲ್ಲ, ಎಲ್ಲ ಸರಿ ಉಂಟು’ ಎಂಬ ಉತ್ತರವೇ ಬರುತ್ತದೆ. ತನ್ನ ಕಾಲದ ಕುಂದನ್ನು ಯಾರೂ ತಾವಾಗಿ ಹೇಳುವುದಿಲ್ಲ. ‘ನೀವು ಇನ್ನೂ ಆರು ತಿಂಗಳು ಇಲ್ಲೇ ಇದ್ದಿದ್ದರೆ ಯಾವ ಕೆಲಸ ಮುಗಿಸುತ್ತಿದ್ದಿರಿ?’ ಎಂದು ಕೇಳಿ ನೋಡಿ. ಅರ್ಧಕ್ಕೆ ನಿಂತ ಎಲ್ಲವೂ ಗೌರವ ಕೆಡದೆ ಹೊರಗೆ ಬರುತ್ತದೆ. ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಬೇಕು: ಇಲ್ಲಿ ಏನು ನಿಲ್ಲಬೇಕು, ಯಾವುದನ್ನು ಮುಟ್ಟಲೇ ಬಾರದು, ನಾನು ಬಂದದ್ದರಿಂದ ನಿಮಗೆ ಯಾವ ಆತಂಕ ಇದೆ. ಬೇರೆ ಬೇರೆಯವರಿಗೆ ಬೇರೆ ಬೇರೆ ಪ್ರಶ್ನೆ ಕೇಳಿದರೆ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಲಾಗುವುದಿಲ್ಲ. ಏಳು ಜನರಲ್ಲಿ ಐವರು ಒಂದೇ ವಿಷಯ ಹೇಳಿದರೆ ಮೊದಲ ಕೆಲಸ ಯಾವುದೆಂದು ತಾನಾಗಿ ಗೊತ್ತಾಗುತ್ತದೆ. ಎರಡನೆಯ ಪ್ರಶ್ನೆಯನ್ನು ಬಿಡಬಾರದು. ಹೊಸಬರು ಮೊದಲು ಕೈಹಾಕಿ ಕೆಡಿಸುವುದು ಹೆಚ್ಚಾಗಿ ಯಾರೋ ಕಾರಣವಿಟ್ಟು ಮಾಡಿದ್ದ ಸಣ್ಣ ಏರ್ಪಾಡನ್ನೇ.

‘ನಮ್ಮ ಮಂಗಳೂರು ಶಾಖೆಯಲ್ಲಿ ಹೀಗೆ ಮಾಡುತ್ತಿದ್ದೆವು’ ಎಂಬ ವಾಕ್ಯವನ್ನು ಮೊದಲ ಮೂರು ತಿಂಗಳು ನುಂಗಿಕೊಳ್ಳಬೇಕು. ಹೇಳುವವರಿಗೆ ಅದು ಅನುಭವ. ಕೇಳುವವರ ಕಿವಿಗೆ ಅದು ‘ನೀವು ಮಾಡುತ್ತಿರುವುದು ಸರಿ ಇಲ್ಲ’ ಎಂದೇ ಬೀಳುತ್ತದೆ.

ಇನ್ನು ಮೇಲಿನವರ ಜೊತೆಗಿನ ಮಾತು. ರೀಜನಲ್ ಆಫೀಸಿನಿಂದ ಗುರಿಗಳ ಪಟ್ಟಿ ಹೇಗೂ ಬರುತ್ತದೆ, ಅದನ್ನೇ ನಿರೀಕ್ಷೆ ಎಂದುಕೊಂಡು ಕುಳಿತರೆ ವರ್ಷದ ಕೊನೆಗೆ ಪೆಟ್ಟು ಬೀಳುತ್ತದೆ. ‘ಈ ಶಾಖೆಯ ಸ್ಥಿತಿ ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತದೆ?’ ಎಂದು ಮೊದಲೇ ಕೇಳಿಕೊಳ್ಳಬೇಕು. ಶಾಖೆ ಮುಳುಗುತ್ತಿದೆ ಎಂದು ಅವರು ತಿಳಿದಿದ್ದು, ಚೆನ್ನಾಗಿಯೇ ಇದೆ ಎಂದು ನೀವು ತಿಳಿದಿದ್ದರೆ ಮುಂದಿನ ಪ್ರತಿ ಮಾತೂ ಅಡ್ಡದಾರಿ ಹಿಡಿಯುತ್ತದೆ. ಕೆಟ್ಟ ಸುದ್ದಿಯನ್ನು ಅವರು ಯಾವಾಗ, ಹೇಗೆ ಕೇಳಲು ಬಯಸುತ್ತಾರೆ ಎಂಬುದನ್ನೂ ತಿಳಿದುಕೊಂಡಿರಬೇಕು. ಕೆಲವರಿಗೆ ಆಗಿಂದಾಗ ಫೋನು ಬೇಕು, ಕೆಲವರಿಗೆ ಪರಿಹಾರದ ಜೊತೆಗೆ ಕಾಗದ ಬೇಕು.

ಎಲ್ಲಕ್ಕಿಂತ ಕಷ್ಟದ ಬಡ್ತಿ, ಇದ್ದ ಜಾಗದಲ್ಲೇ ಸಿಗುವ ಬಡ್ತಿ. ನಿನ್ನೆಯವರೆಗೆ ಒಟ್ಟಿಗೆ ಚಾ ಕುಡಿಯುತ್ತಿದ್ದವರು ಇವತ್ತು ನಿಮ್ಮ ಬಳಿ ರಜೆ ಕೇಳಬೇಕು. ಅವರಲ್ಲಿ ಒಬ್ಬರಾದರೂ ಅದೇ ಹುದ್ದೆಗೆ ಆಸೆಪಟ್ಟವರು ಇರುತ್ತಾರೆ. ಆ ಒಬ್ಬರನ್ನು ಮೊದಲ ವಾರವೇ ಒಂಟಿಯಾಗಿ ಕಂಡು ನೇರವಾಗಿ ಮಾತಾಡಬೇಕು. ‘ಇದು ನಿಮಗೆ ಸಿಗಬೇಕೆಂದು ನೀವು ಬಯಸಿದ್ದಿರಿ, ಬೇಸರ ಆಗಿದ್ದೀತು, ನಿಮ್ಮ ಕೆಲಸ ನನಗೆ ಬೇಕು’ ಎಂದರೆ ಸಾಕು. ಏನೂ ಆಗದ ಹಾಗೆ ನಟಿಸಿದರೆ ಆ ಬೇಸರ ಒಳಗೇ ಹೆಪ್ಪುಗಟ್ಟುತ್ತದೆ. ಸ್ನೇಹ ಬಿಡಬೇಕಿಲ್ಲ. ಚಾ ಕುಡಿಯುವಾಗ ಆಡುತ್ತಿದ್ದ ಕಚೇರಿ ಸುದ್ದಿ ಮಾತ್ರ ನಿಲ್ಲಬೇಕು, ಯಾಕೆಂದರೆ ಈಗ ನೀವು ನಕ್ಕರೂ ಅದಕ್ಕೆ ಅಧಿಕಾರದ ತೂಕ ಬರುತ್ತದೆ.

ಇಂಥಲ್ಲೇ ಹಳೆಯ ಕೆಲಸ ಅತಿ ಹೆಚ್ಚು ಕಾಡುವುದು. ಸಾಲದ ಅರ್ಜಿ ನೋಡುವುದರಲ್ಲಿ ಹೆಸರು ಮಾಡಿದವರು ಮ್ಯಾನೇಜರಾದ ಮೇಲೂ ಪ್ರತಿ ಅರ್ಜಿ ತಮ್ಮ ಮೇಜಿಗೇ ಬರಲಿ ಎನ್ನುತ್ತಾರೆ. ಕೆಳಗಿನವರು ಕಲಿಯುವುದಿಲ್ಲ, ಅರ್ಜಿ ರಾಶಿಯಾಗುತ್ತದೆ, ಮ್ಯಾನೇಜರು ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತಾರೆ, ಆದರೂ ಯಾರೂ ಮೆಚ್ಚುವುದಿಲ್ಲ. ಇದಕ್ಕೆ ಒಂದು ಸರಳ ಉಪಾಯ ಇದೆ. ಹಳೆಯ ಹುದ್ದೆಯಿಂದ ಇನ್ನೂ ನೀವೇ ಮಾಡುತ್ತಿರುವ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಎದುರು ಒಬ್ಬರ ಹೆಸರು ಮತ್ತು ಒಂದು ತಾರೀಕು ಹಾಕಿ. ಆ ತಾರೀಕಿನ ನಂತರ ಆ ಕೆಲಸ ನಿಮ್ಮ ಬಳಿ ಬಂದರೆ ಹೆಸರಿದ್ದವರ ಕಡೆಗೆ ತೋರಿಸಿ ಸುಮ್ಮನಾಗಬೇಕು. ಅವರು ನಿಮಗಿಂತ ನಿಧಾನ ಮಾಡುತ್ತಾರೆ, ಕೆಲವು ಸಲ ತಪ್ಪುತ್ತಾರೆ. ತಪ್ಪಿದರೂ ಹಾನಿ ಸಣ್ಣದಾಗಿರುವ ಕೆಲಸಗಳನ್ನೇ ಮೊದಲು ಕೊಡಬೇಕು.

ಕೊಟ್ಟು ಕಲಿಸುವ ಈ ಕ್ರಮ ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ಬೋಳಾರ ನಾರಾಯಣ ಶೆಟ್ಟರಂಥ ಯಕ್ಷಗಾನ ಕಲಾವಿದರನ್ನು ಕೊಟ್ಟ ಊರು ಇದು. ತೆಂಕುತಿಟ್ಟಿನ ಮೇಳದಲ್ಲಿ ಭಾಗವತರೇ ಒಂದನೇ ವೇಷ, ಇಡೀ ಆಟದ ಹೊಣೆ ಅವರದು. ಆ ಪೀಠಕ್ಕೆ ಯಾರೂ ಒಂದು ದಿನ ಆದೇಶ ಹಿಡಿದುಕೊಂಡು ಬಂದು ಕೂರುವುದಿಲ್ಲ. ಪೂರ್ವರಂಗಕ್ಕೆ ಹಾಡುತ್ತಾ ಶುರುಮಾಡಿ, ಮುಂದೆ ರಾತ್ರಿಯ ಮೊದಲ ಭಾಗ ನಡೆಸುತ್ತಾ, ಹಿರಿಯ ಭಾಗವತರು ನಡುರಾತ್ರಿಯ ನಂತರ ಜಾಗಟೆ ಹಿಡಿಯುವುದನ್ನು ಪಕ್ಕದಲ್ಲಿದ್ದು ಕೇಳುತ್ತಾ, ಹಲವು ತಿರುಗಾಟ ಕಳೆದ ಮೇಲೆ ಅಲ್ಲಿಗೆ ಬರುತ್ತಾರೆ. ಹಿರಿಯರು ಇನ್ನೂ ಗಟ್ಟಿಯಾಗಿರುವಾಗಲೇ ಕಿರಿಯರಿಗೆ ನಿಜವಾದ ಸಭೆ, ನಿಜವಾದ ಪ್ರೇಕ್ಷಕರು ಸಿಗುತ್ತಾರೆ. ನಮ್ಮ ಸಹಕಾರಿ ಸಂಘಗಳು, ಶಾಲಾ ಆಡಳಿತ ಮಂಡಳಿಗಳು, ಕುಟುಂಬದ ವ್ಯಾಪಾರಗಳು ಈ ಒಂದು ಪಾಠವನ್ನು ತೆಗೆದುಕೊಂಡರೆ ಎಷ್ಟೋ ಸಂಸ್ಥೆಗಳು ಯಜಮಾನರ ಜೊತೆಗೇ ಮುಗಿದುಹೋಗುವುದು ತಪ್ಪುತ್ತದೆ.

ಎಲ್ಲ ಕುರ್ಚಿಗಳೂ ಒಂದೇ ತರಹದವಲ್ಲ ಎಂಬುದನ್ನು ಅರಿಯಲು ಕರಾವಳಿಯ ಇನ್ನೊಬ್ಬರನ್ನು ನೆನೆಯಬೇಕು. ತೋನ್ಸೆ ಅನಂತ ಪೈ, ನಾವು ಟಿ.ಎ. ಪೈ ಎಂದು ಕರೆಯುವವರು, ಸಿಂಡಿಕೇಟ್ ಬ್ಯಾಂಕನ್ನು ನಡೆಸಿದವರು. 1965ರಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದರು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು. ಅದರಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. ಪೈ ಅವರು ತಮ್ಮದೇ ಬ್ಯಾಂಕಿಗೆ ಸರ್ಕಾರದ ಪರವಾಗಿ ‘ಕಸ್ಟೋಡಿಯನ್’ ಆದರು. ಮುಂದೆ ಜೀವ ವಿಮಾ ನಿಗಮದ ಅಧ್ಯಕ್ಷಗಿರಿ. 1972ರಲ್ಲಿ ಕೆಂಗಲ್ ಹನುಮಂತಯ್ಯನವರ ಬಳಿಕ ರೈಲ್ವೆ ಮಂತ್ರಿ. ಅಲ್ಲಿ ಏಳು ತಿಂಗಳೂ ತುಂಬುವ ಮೊದಲೇ ಭಾರಿ ಕೈಗಾರಿಕೆಯ ಖಾತೆ. ಎಂಟೇ ವರ್ಷಗಳಲ್ಲಿ ಒಬ್ಬರೇ ಮನುಷ್ಯ ಇಷ್ಟು ಕಡೆ ಕುಳಿತರು.

ಇವುಗಳಲ್ಲಿ ಒಂದಕ್ಕೆ ಹೊಂದುವ ನಡೆ ಇನ್ನೊಂದಕ್ಕೆ ಹೊಂದುವುದಿಲ್ಲ. ಆಹಾರ ನಿಗಮದಲ್ಲಿ ಹಿಂದಿನವರು ಎಂಬುವರೇ ಇರಲಿಲ್ಲ. ಯಾರನ್ನು ನೇಮಿಸಬೇಕು, ಗೋದಾಮು ಎಲ್ಲಿ, ಖರೀದಿ ಹೇಗೆ ಎಂಬುದನ್ನು ಮೊದಲಿಂದ ಕಟ್ಟಬೇಕಿತ್ತು, ಅದೂ ಮಳೆ ಕೈಕೊಟ್ಟು ದೇಶ ಬರಕ್ಕೆ ಬಿದ್ದ ವರ್ಷಗಳಲ್ಲಿ. ಅಂಥ ಕಡೆ ಕೇಳುತ್ತಾ ಕೂರುವುದಕ್ಕೆ ಕಾಲವಿಲ್ಲ, ಒಳ್ಳೆಯ ಹತ್ತು ಜನರನ್ನು ಹುಡುಕಿ ತರುವುದೇ ಮೊದಲ ಕೆಲಸ. 1956ರಲ್ಲೇ ಹುಟ್ಟಿ ಬೇರು ಬಿಟ್ಟಿದ್ದ ವಿಮಾ ನಿಗಮದ ರೀತಿ ಬೇರೆ. ಓಡುತ್ತಿರುವುದನ್ನು ನಿಲ್ಲಿಸದೆ ಎಲ್ಲಿ ತುಕ್ಕು ಹಿಡಿದಿದೆ ಎಂದು ನೋಡುವ ತಾಳ್ಮೆ ಅಲ್ಲಿ ಬೇಕು. ಲಕ್ಷಗಟ್ಟಲೆ ನೌಕರರ ರೈಲ್ವೆಯಲ್ಲಿ ಮಂತ್ರಿಯೊಬ್ಬರು ತಾವೇ ಕೈಯಾರೆ ಮಾಡುವುದು ಬಹಳ ಕಡಿಮೆ. ಯಾವ ನಾಲ್ಕು ವಿಷಯಗಳ ಮೇಲೆ ಕಣ್ಣಿಡಬೇಕೆಂದು ಆರಿಸಿಕೊಳ್ಳುವುದರಲ್ಲೇ ಎಲ್ಲ ಇದೆ.

ಅವುಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು 1969ರ ಜುಲೈ. ಅದೇ ಕಚೇರಿ, ಅದೇ ಸಿಬ್ಬಂದಿ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಷೇರುದಾರರಿಗೆ ಉತ್ತರ ಕೊಡುತ್ತಿದ್ದ ಜಾಗದಲ್ಲಿ ಸರ್ಕಾರಕ್ಕೆ ಉತ್ತರ ಕೊಡಬೇಕಾದ ಸ್ಥಿತಿ. 2020ರಲ್ಲಿ ಪಾಂಡೇಶ್ವರದ ಕಚೇರಿಯಲ್ಲಿ ಕುಳಿತವರಿಗೂ ಇಂಥದೇ ಅನುಭವ ಆಗಿರಬೇಕು. ಕೋಣೆ ಬದಲಾಗದ್ದರಿಂದ ಹುದ್ದೆಯೂ ಬದಲಾಗಿಲ್ಲ ಎಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಇಂಥ ಹೊತ್ತಿನಲ್ಲಿ ತನ್ನದೇ ಹುದ್ದೆಗೆ ಹೊಸಬರಾಗಿ ಬಂದ ಹಾಗೆ ಚಾರ್ಜ್ ತೆಗೆದುಕೊಳ್ಳಬೇಕು. ನಾನು ಯಾರಿಗೆ ಉತ್ತರ ಕೊಡಬೇಕು, ಯಾವ ತೀರ್ಮಾನ ಇನ್ನು ನನ್ನದಲ್ಲ, ಯಾವುದು ಹೊಸದಾಗಿ ನನ್ನ ಪಾಲಿಗೆ ಬಂತು, ಇವನ್ನು ಬರೆದಿಟ್ಟುಕೊಳ್ಳಬೇಕು. ಸಿಬ್ಬಂದಿಗೂ ಅದನ್ನು ಬಾಯಿಬಿಟ್ಟು ಹೇಳಬೇಕು. ವಿಲೀನವಾದ ಸಂಸ್ಥೆಯಲ್ಲಿ ಜನ ಮೊದಲು ಕೇಳುವುದು ‘ನನಗೆ ಏನಾಗುತ್ತದೆ’ ಎಂದು. ಗೊತ್ತಿದ್ದಷ್ಟನ್ನು ಗೊತ್ತಿದ್ದ ದಿನವೇ ಹೇಳಿದರೆ ಅರ್ಧ ಭಯ ಇಳಿಯುತ್ತದೆ.

ಕೆಲಸವನ್ನೇ ಪೂರ್ತಿ ಬದಲಿಸಿ ಗೆದ್ದವರೂ ನಮ್ಮ ನೇತ್ರಾವತಿಯ ದಂಡೆಯಲ್ಲಿ ಇದ್ದರು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1851ರಲ್ಲಿ ಮಂಗಳೂರಿಗೆ ಬಂದದ್ದು ಅಚ್ಚಿನ ಕೆಲಸಕ್ಕೆ. ಮೊಳೆ ಜೋಡಿಸಿ ಮುದ್ರಿಸುವ ಕ್ರಮವನ್ನು ಮಿಷನ್ನಿನ ಮುದ್ರಣಾಲಯಕ್ಕೆ ತಂದವರು ಅವರು. ಅದೇ ಪ್ಲೆಬ್ಸ್ಟ್ ಯುರೋಪಿಗೆ ಹೋಗಿದ್ದಾಗ ಮಣ್ಣು ಸುಡುವ ವಿದ್ಯೆ ಕಲಿತು ಬಂದು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ನೇತ್ರಾವತಿಯ ದಡದ ಬೋಳಾರ, ಹೊಯಿಗೆಬಜಾರಿನ ಚಿಮಣಿಗಳೆಲ್ಲ ಆಮೇಲೆ ಬಂದವು. ಹಂಚಿನ ಕೆಲಸಕ್ಕೆ ಅವರು ಮುದ್ರಕರ ಹೆಸರಿನ ಬಲದಿಂದ ಹೋಗಲಿಲ್ಲ. ವಿದ್ಯಾರ್ಥಿಯಾಗಿ ಕಲಿತು, ಸಣ್ಣದಾಗಿ ಆರಂಭಿಸಿ, ಇಲ್ಲಿನ ಜೇಡಿಮಣ್ಣು ಎಂಥದೆಂದು ಪರೀಕ್ಷಿಸಿ ಮುಂದೆ ಹೋದರು. ಮುದ್ರಣಾಲಯವೂ ಅವರನ್ನೇ ನೆಚ್ಚಿ ನಿಲ್ಲಲಿಲ್ಲ. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನ ಮಿಷನ್ನಿನಿಂದಲೇ ಹೊರಬಂತು. ಒಂದು ಕಡೆ ಬಿಟ್ಟುಬಂದ ಕೆಲಸ ಬೆಳೆದು, ಇನ್ನೊಂದು ಕಡೆ ಹಿಡಿದ ಕೆಲಸವೂ ಬೆಳೆದದ್ದು ಅಪರೂಪ.

ಅವಧಿ ತೀರ ಚಿಕ್ಕದಾದ ಹುದ್ದೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮಂಗಳೂರು ಮಹಾನಗರ ಪಾಲಿಕೆಗೆ 2019ರ ನವೆಂಬರಿನಲ್ಲಿ ಚುನಾವಣೆಯಾಗಿ ಬಂದ ಪರಿಷತ್ತು 2025ರ ಫೆಬ್ರವರಿಯಲ್ಲಿ ಅವಧಿ ಮುಗಿಸಿತು. ಅಷ್ಟರಲ್ಲಿ ಐವರು ಮೇಯರ್ ಆಗಿ ಹೋದರು. ಅವರಲ್ಲಿ ಒಬ್ಬರು ಬೋಳಾರಕ್ಕೆ ಅಂಟಿಕೊಂಡ ಮಂಗಳಾದೇವಿ ವಾರ್ಡಿನವರೇ. ಕೊನೆಯವರಿಗೆ ಸಿಕ್ಕಿದ್ದು ಅರ್ಧ ವರ್ಷಕ್ಕೂ ಕಡಿಮೆ. ಕಾನೂನಿನಂತೆ ಮೇಯರ್ ಅವಧಿ ಒಂದು ವರ್ಷ, ಕಾರ್ಯಾಂಗದ ಅಧಿಕಾರ ಇರುವುದು ಆಯುಕ್ತರ ಕೈಯಲ್ಲಿ. ಅರವತ್ತು ವಾರ್ಡುಗಳ ಊರಿನ ಮೇಯರ್ ಆದವರಿಗೆ ಮೊದಲ ಎರಡು ತಿಂಗಳು ಸನ್ಮಾನಕ್ಕೇ ಹೋಗುತ್ತದೆ. ಕಡತಗಳನ್ನು ಅರ್ಥ ಮಾಡಿಕೊಳ್ಳುವಾಗ ಮಳೆಗಾಲ, ಅದು ಮುಗಿಯುವಾಗ ಮುಂದಿನವರ ಮೀಸಲಾತಿಯ ಚರ್ಚೆ. ಈ ವ್ಯವಸ್ಥೆ ಬದಲಾಗಬೇಕು, ಒಂದು ವರ್ಷದಲ್ಲಿ ಯಾವ ಮೇಯರೂ ಊರನ್ನು ಕಲಿಯಲಾರರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಬದಲಾಗುವವರೆಗೆ ಅಲ್ಲಿ ಕೂರುವವರು ಹತ್ತು ಯೋಜನೆ ಘೋಷಿಸುವುದನ್ನು ಬಿಟ್ಟು, ಹಿಂದಿನವರು ಅರ್ಧಕ್ಕೆ ಬಿಟ್ಟ ಒಂದನ್ನು ಹಿಡಿದು ಮುಗಿಸಲಿ. ಒಂದು ರಾಜಕಾಲುವೆಯ ಹೂಳು, ಒಂದು ವಾರ್ಡಿನ ಕುಡಿಯುವ ನೀರು. ಹಿಂದಿನವರು ಬೇರೆ ಗುಂಪಿನವರಾಗಿದ್ದರೂ ಅವರ ಮನೆಗೆ ಹೋಗಿ ಒಂದು ಗಂಟೆ ಕೇಳಿಕೊಂಡು ಬರಲಿ. ಗ್ರಾಮ ಪಂಚಾಯಿತಿ ಅಧ್ಯಕ್ಷೆಯರಿಗೂ, ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯವರಿಗೂ, ಕ್ಲಬ್ಬುಗಳ ಒಂದು ವರ್ಷದ ಅಧ್ಯಕ್ಷರಿಗೂ ಇದನ್ನೇ ಹೇಳುತ್ತೇನೆ.

ಬರುವವರ ಮೇಲೆ ಇಷ್ಟು ಹೊರೆ ಹೊರಿಸಿದ ಮೇಲೆ ಹೋಗುವವರನ್ನು ಸುಮ್ಮನೆ ಬಿಡುವುದು ನ್ಯಾಯವಲ್ಲ. ಅಮ್ಮೆಂಬಳ ಸುಬ್ಬರಾವ್ ಪೈಗಳು ವಕೀಲರು. 1891ರಲ್ಲಿ ಕೆನರಾ ಹೈಸ್ಕೂಲು ಕಟ್ಟಿದರು, 1906ರ ಜುಲೈ 1ರಂದು ಇದೇ ಮಂಗಳೂರಿನಲ್ಲಿ ಇಂದಿನ ಕೆನರಾ ಬ್ಯಾಂಕಿಗೆ ಮೂಲವಾದ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. 1909ರಲ್ಲಿ ತೀರಿಕೊಂಡರು. ಬ್ಯಾಂಕಿಗೆ ಆಗ ಮೂರೇ ವರ್ಷ. ಸ್ಥಾಪಕರು ಅಷ್ಟು ಬೇಗ ಹೋದರೂ ಸಂಸ್ಥೆ ನಿಂತಿತು. ನಮ್ಮ ಸುತ್ತಲಿನ ಎಷ್ಟು ಸಂಸ್ಥೆಗಳು ಮೂರನೆಯ ವರ್ಷ ಸ್ಥಾಪಕರಿಲ್ಲದೆ ನಿಂತಾವು ಎಂದು ಅವುಗಳ ಅಧ್ಯಕ್ಷರು ಕೇಳಿಕೊಳ್ಳಬೇಕು.

ಹುದ್ದೆ ಬಿಡುವವರು ಎರಡು ಪುಟದ ಒಂದು ಬರಹ ಬಿಟ್ಟುಹೋಗಲಿ. ಅದರಲ್ಲಿ ಸಾಧನೆಗಳ ಪಟ್ಟಿ ಬೇಡ. ಅರ್ಧಕ್ಕೆ ನಿಂತದ್ದು, ಯಾರಿಗೋ ಕೊಟ್ಟು ಇನ್ನೂ ನಡೆಸಿಕೊಡದ ಮಾತು, ಮುಂದಿನ ಮೂರು ತಿಂಗಳಲ್ಲಿ ಬರುವ ಗಡುವುಗಳು, ಸಿಬ್ಬಂದಿಯಲ್ಲಿ ಬೆಳೆಯಬಲ್ಲವರ ಹೆಸರು, ಇಷ್ಟು ಇರಲಿ. ಆಮೇಲೆ ಹೊಸಬರು ಕರೆದಾಗ ಹೋಗಲಿ, ಕರೆಯದೆ ಹೋಗದಿರಲಿ. ಹಳೆಯ ಸಿಬ್ಬಂದಿ ಫೋನು ಮಾಡಿ ‘ನೀವಿದ್ದಾಗ ಹೀಗಿರಲಿಲ್ಲ ಸಾರ್’ ಎಂದರೆ ‘ಹೊಸಬರ ಹತ್ತಿರವೇ ಹೇಳಿ’ ಎಂದು ಹೇಳಿ ಫೋನು ಇಡಲಿ.